ಕುರ್ಚಿಯ ಮೇಲೆ ಕೂತ ಅವ್ವ

ನಿನ್ನ ತಾಯಿಯ ಮುಖವನ್ನು ಕರಗಿಸಿದವಳು ನಾನು, ಪಾರೂ. ಅಕ್ಕಸಾಲಿಗ ಪತ್ತಾರ ಕಾಳಪ್ಪ ಅಲ್ಲ — ನಾನು. ಈ ಬಲಗೈಯಿಂದಲೇ ಅದನ್ನು ಮೂಸೆಗೆ ಹಾಕಿದೆ. ಮೊನ್ನೆ ಮುಧೋಳದಲ್ಲಿ, ನಿನ್ನ ಮನೆಯ ಪಡಸಾಲೆಯಲ್ಲಿ, ಸತ್ತು ಎಷ್ಟೋ ವರ್ಷವಾದ ಆ ಮನುಷ್ಯನನ್ನು ನೀನು ಮೋಸಗಾರ ಅಂದೆ. ನಾನು ಪಕ್ಕದಲ್ಲೇ ಕೂತು ಹೂಂ ಅಂದೆ. ಆ ಹೂಂ ನನ್ನ ಜೊತೆಗೇ ಬಸ್ಸು ಹತ್ತಿ ಜಮಖಂಡಿಗೆ ಬಂದು, ಈಗ ಈ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನನ್ನೆದುರು ಕೂತಿದೆ. ಹೆಣ್ಣುಮಕ್ಕಳ ಸಾಲೆಯಲ್ಲಿ ಇಪ್ಪತ್ತಾರು ವರ್ಷ ಮಾಸ್ತರಿಕೆ ಮಾಡಿ, ಸುಳ್ಳು ಹೇಳಿದ ಹುಡುಗಿಯರನ್ನು ಬಾಗಿಲ ಹೊರಗೆ ನಿಲ್ಲಿಸಿದವಳು ನಾನು. ನನ್ನನ್ನು ನಿಲ್ಲಿಸುವವರು ಯಾರೂ ಇರಲಿಲ್ಲ, ಅಷ್ಟೇ.

ಆ ದಿನ ಏನಾಯಿತೆಂದು ನೀನು ಮರೆತಿರಲಿಕ್ಕಿಲ್ಲ. ಆದರೂ ಬರೆಯುತ್ತೇನೆ, ಅಲ್ಲಿಂದಲ್ಲದೆ ನನಗೆ ಹಿಂದಕ್ಕೆ ಹೋಗಲು ಬರುವುದಿಲ್ಲ. ನಿನ್ನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ದಿನ. ದೇವರ ಜಗಲಿಯ ಮೇಲಿನ ಸಾಮಾನನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕಿ ಒಂದು ತಾಟಿನಲ್ಲಿ ಆರಲು ಇಟ್ಟಿದ್ದೆ ನೀನು. ಅವುಗಳ ನಡುವೆ ನಾಲ್ಕಾಣೆಯ ಪಾವಲಿಯಷ್ಟಗಲದ ಆ ಬೆಳ್ಳಿಯ ಪದಕವೂ ಇತ್ತು. ನಿನ್ನ ಅಳಿಯಂದಿರು ಕಾಲೇಜಿನಲ್ಲಿ ಇತಿಹಾಸ ಕಲಿಸುವವರು. ತಾಟಿನ ಕಡೆ ಸುಮ್ಮನೆ ಕಣ್ಣು ಹಾಯಿಸಿದವರು ಅದನ್ನೆತ್ತಿಕೊಂಡು ಬಾಗಿಲ ಬೆಳಕಿಗೆ ಹೋದರು. ತುಂಬ ಹೊತ್ತು ಅಲ್ಲೇ ನಿಂತರು. ನನಗೆ ಆಗಲೇ ಗೊತ್ತಾಯಿತು.

"ಅತ್ತೀಯವರ, ಇದು ಪದಕ ಅಲ್ರೀ. ರೋಮ್ ದೇಶದ ಬೆಳ್ಳಿ ನಾಣ್ಯ. ಎರಡು ಸಾವಿರ ವರ್ಷದ ಹಿಂದಿಂದು. ಯಾರೋ ಕೊಂಡಿ ಬೆಸದಾರ."

"ಅದು ನಮ್ಮವ್ವರೀ," ಎಂದು ನೀನು ನಕ್ಕೆ.

ಅವರು ತಿರುವಿ ತಿರುವಿ ತೋರಿಸಿದರು. ಒಂದು ಮಗ್ಗಲು ತಲೆಗೆ ಎಲೆಯ ಮಾಲೆ ಕಟ್ಟಿಕೊಂಡ ರಾಜ, ಸುತ್ತ ಅವನ ಹೆಸರು. ಇನ್ನೊಂದು ಮಗ್ಗಲು ಕುರ್ಚಿಯ ಮೇಲೆ ಕೂತ ಹೆಣ್ಣು, ಒಂದು ಕೈಯಲ್ಲಿ ಉದ್ದ ಕೋಲು, ಇನ್ನೊಂದರಲ್ಲಿ ಎಲೆಯ ಟೊಂಗೆ. ಅವಳನ್ನು ಶಾಂತಿಯ ದೇವತೆ ಎನ್ನುತ್ತಾರೆ, ಅಲ್ಲ ಆ ರಾಜನ ಹಡೆದವ್ವನೇ ಎನ್ನುವವರೂ ಇದ್ದಾರೆ ಎಂದರು. ನಮ್ಮ ದೇಶದ ಬಟ್ಟೆ, ಮೆಣಸು ಕೊಳ್ಳಲು ಬಂದ ಬೆಳ್ಳಿ ಇದು ಎಂದರು. ಪಾಠ ಮಾಡುವವರ ಹುರುಪು ನನಗೆ ಗೊತ್ತಿಲ್ಲದ್ದೇನಲ್ಲ. ಪಾಪ, ಅವರ ಮುಖ ದೀಪದ ಹಾಗಿತ್ತು. ನೀನು ಎಲ್ಲವನ್ನೂ ಕೇಳಿಸಿಕೊಂಡೆ. ಆಮೇಲೆ ಎಲ್ಲರೆದುರು ಆ ಮಾತು ಹೇಳಿದೆ —

"ಇರಬಹುದ್ರಿ. ಆದ್ರ ನಮ್ಮ ಚಿಗವ್ವ ಸುಳ್ಳ ಹೇಳಾಕಿ ಅಲ್ಲ. ಆ ಪತ್ತಾರ ಕಾಳಪ್ಪ ಆಕಿಗೆ ಮೋಸಾ ಮಾಡ್ಯಾನ. ಹೌದಲ್ಲ ಚಿಗವ್ವಾ?"

ಹೂಂ ಅಂದೆ.

ಇನ್ನು ಮೊದಲಿನಿಂದ ಹೇಳುತ್ತೇನೆ. ನಿನ್ನ ತಾಯಿ ನೀಲವ್ವ ಎರಡನೇ ಹೆರಿಗೆಯಲ್ಲಿ ಕೂಸಿನ ಸಮೇತ ಹೋದಾಗ ನಿನಗೆ ಮೂರು ತುಂಬಿರಲಿಲ್ಲ. ಮರುವರ್ಷ ಬನಹಟ್ಟಿಯ ಆ ಮನೆಗೆ ನಾನು ಬಂದೆ. ಸಂಸ್ಥಾನ ಹೋಗಿ ನಾವೆಲ್ಲ ಮುಂಬೈ ರಾಜ್ಯದವರಾಗಿದ್ದ ಕಾಲ. ನಾನು ಬೀಳಗಿಯ ಕಡೆಯವಳು, ತಂದೆ ಇಲ್ಲದವಳು. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ, ಗಂಡಸರಷ್ಟು ಎತ್ತರ ಇದ್ದೆ, ಬಣ್ಣ ಕಪ್ಪು. ಈ ಮೂರರಲ್ಲಿ ಒಂದೇ ಇದ್ದಿದ್ದರೆ ಹೇಗೋ ನಡೆಯುತ್ತಿತ್ತು. ಮೂರೂ ಕೂಡಿದ್ದರಿಂದ ಎರಡನೇ ಸಂಬಂಧಕ್ಕೆ ಕೊಟ್ಟರು. ನನಗೆ ಅದರ ಬಗ್ಗೆ ಸಿಟ್ಟಿರಲಿಲ್ಲ. ಖರೆ ಹೇಳುತ್ತೇನೆ, ಒಂದು ಕೂಸು ಮೊದಲೇ ಇರುವ ಮನೆಗೆ ಹೋಗುತ್ತೇನೆಂದು ಒಳಗೊಳಗೇ ಖುಷಿ ಪಟ್ಟಿದ್ದೆ. ದಾರಿಯುದ್ದಕ್ಕೂ ಅದು ನನ್ನನ್ನು ಅವ್ವಾ ಅನ್ನುವುದನ್ನು ಕೇಳುತ್ತ ಬಂದಿದ್ದೆ.

ಲಗ್ನದ ದಿನ ನಿಮ್ಮಪ್ಪನ ಸೋದರತ್ತೆಯೊಬ್ಬಳು ನನ್ನ ಕೊರಳಿಗೆ ತಾಳಿಯ ಜೊತೆಗೇ ಇನ್ನೊಂದು ಕರಿದಾರ ಕಟ್ಟಿದಳು. ಅದರಲ್ಲಿ ಬೆಳ್ಳಿಯ ತೆಳು ಪದಕ, ಪದಕದಲ್ಲಿ ನೀಲವ್ವ. ಎರಡನೆಯವಳಾಗಿ ಬಂದವಳು ಮೊದಲನೆಯವಳ ರೂಪವನ್ನು ಕೊರಳಲ್ಲಿ ಧರಿಸಬೇಕು — ನಮ್ಮ ಕಡೆಯ ಪದ್ಧತಿ ಅದು, ಈಗ ಬಹಳ ಜನಕ್ಕೆ ಗೊತ್ತೂ ಇಲ್ಲ. ಹೊಸ ಸೀರೆ ಉಡುವ ಮೊದಲು ಅದಕ್ಕೆ ಮುಟ್ಟಿಸಬೇಕು, ಹೂ ಮುಡಿಯುವ ಮೊದಲು ಅದಕ್ಕೆ ತೋರಿಸಬೇಕು, ಉಣ್ಣುವಾಗ ಮೊದಲ ತುತ್ತನ್ನು ಮನಸ್ಸಿನಲ್ಲೇ ಅದಕ್ಕೆ ಕೊಡಬೇಕು.

"ಇಕಿನ್ನ ಕೊರಳಾಗ ಇಟಗೊಂಡು ಬಾಳ್ವೆ ಮಾಡು," ಅಂದಳು ಆ ಅತ್ತೆ. "ಇಕಿ ಸಮಾಧಾನ ಇದ್ರ ಮನಿ ಸಮಾಧಾನ."

ಇಂಥ ಪದಕಗಳನ್ನು ಪತ್ತಾರರು ಒಂದೇ ಅಚ್ಚಿನಲ್ಲಿ ಒತ್ತಿ ಕೊಡುತ್ತಾರೆ. ಎರಡು ಚುಕ್ಕಿ ಕಣ್ಣು, ಒಂದು ಗೀಟು ಬಾಯಿ. ಊರಲ್ಲಿ ಸತ್ತ ಹೆಂಡಂದಿರೆಲ್ಲ ಒಬ್ಬಳೇ. ಆದರೆ ನಮ್ಮ ಮನೆಯದು ಹಾಗಿರಲಿಲ್ಲ. ಎದುರು ಮನೆಯ ಪತ್ತಾರ ಕಾಳಪ್ಪ ನೀಲವ್ವನನ್ನು ಮದುವಣಗಿತ್ತಿಯಾಗಿ ಬಂದ ದಿನದಿಂದ ನೋಡಿದ್ದ. ಅಚ್ಚು ಬದಿಗಿಟ್ಟು, ಚಾಣದಿಂದ ಸಣ್ಣಸಣ್ಣಗೆ ತಟ್ಟಿ, ಅವಳದೇ ಮುಖ ಎಬ್ಬಿಸಿದ್ದ. ಎದೆಯ ಮಟ್ಟದ ರೂಪ — ಕಿಟಕಿಯಲ್ಲಿ ನಿಂತು ನೋಡುವವಳ ಹಾಗೆ. ನೋಡಿದ ನೆರೆಹೊರೆಯವರೆಲ್ಲ ಬಾಯಿಗೆ ಸೆರಗು ಹಿಡಿದು ಅಳುತ್ತಿದ್ದರು. ನಾನು ಅವಳನ್ನು ಜೀವಂತ ಕಂಡವಳೇ ಅಲ್ಲ. ಆದರೂ ಯಾರಾದರೂ ನನ್ನನ್ನು ಮಾತಾಡಿಸಲು ಬಂದರೆ ಅವರ ಕಣ್ಣು ಮೊದಲು ನನ್ನ ಮುಖಕ್ಕಿಂತ ಒಂದು ಗೇಣು ಕೆಳಗೆ ಹೋಗುತ್ತಿತ್ತು.

ನಿಮ್ಮಪ್ಪ ಕೆಟ್ಟವರಲ್ಲ. ಮಾತು ಕಡಿಮೆ. ಬೆಳಗಾದರೆ ಮಗ್ಗದ ಕುಣಿಗೆ ಇಳಿಯುತ್ತಿದ್ದರು. ಲಾಳಿಯ ಸದ್ದೇ ಅವರ ಮಾತು. ನಾನು ಪಕ್ಕದಲ್ಲಿ ರಾಟೆ ಇಟ್ಟುಕೊಂಡು ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದೆ. "ನೂಲು", "ನೀರು", "ಊಟಾ" — ಕೆಲವು ದಿನ ಇಷ್ಟೇ ಶಬ್ದ ನಮ್ಮಿಬ್ಬರ ನಡುವೆ. ಓದಲು ಒಂದು ತುಂಡು ಕಾಗದ ಇರಲಿಲ್ಲ. ಒಮ್ಮೆ ಬೆಲ್ಲ ಕಟ್ಟಿ ತಂದ ಹಳೇ ಪತ್ರಿಕೆಯನ್ನು ಏಳೆಂಟು ಸಲ ಓದಿದ್ದು ನೆನಪಿದೆ, ಅದರಲ್ಲಿದ್ದ ಹತ್ತಿಯ ಧಾರಣೆ ಸಹಿತ. ಒಂಟಿತನ ಅನ್ನುವುದಕ್ಕೆ ಆಗ ನನ್ನ ಬಳಿ ಶಬ್ದವಿರಲಿಲ್ಲ. ಬೇಸರ ಅನ್ನುತ್ತಿದ್ದೆ.

ಮತ್ತೆ ನೀನು. ನಿನ್ನ ಬಾಯಿಗೆ ಯಾರು ಹಾಕಿದರೋ, ಮೊದಲ ದಿನವೇ ನನ್ನನ್ನು ಅವ್ವಾ ಅನ್ನದೆ ಚಿಗವ್ವಾ, ಚಿಕ್ಕವ್ವಾ, ಅಂದೆ. ಇರಲಿ, ಸಣ್ಣದು, ದಿನ ಹೋದಂತೆ... ಅಂದುಕೊಂಡೆ. ದಿನ ಹೋದಂತೆ ಏನಾಯಿತೆಂದರೆ ನೀನು ಆ ಪದಕದ ಜೊತೆ ಮಾತಾಡಲು ಕಲಿತೆ. ಸಂಜೆ ಆಟ ಮುಗಿಸಿ ಬಂದು ನನ್ನ ಸೆರಗು ಜಗ್ಗುತ್ತಿದ್ದೆ.

"ಚಿಗವ್ವಾ, ಬಗ್ಗು. ಅವ್ವಗ ಒಂದ ಮಾತ ಹೇಳೂದೈತಿ."

ನಾನು ಬಗ್ಗುತ್ತಿದ್ದೆ. ನೀನು ಎರಡೂ ಕೈಯಿಂದ ನನ್ನ ಕೊರಳು ತಬ್ಬಿ, ನನ್ನ ಎದೆಯ ಹತ್ತಿರ ಬಾಯಿ ತಂದು, ಆ ಬೆಳ್ಳಿಗೆ ಪಿಸುಗುಟ್ಟುತ್ತಿದ್ದೆ. ಯಾರು ನಿನ್ನ ಗಜ್ಜುಗ ಕಸಿದುಕೊಂಡರು, ಯಾವ ನಾಯಿ ಮರಿ ಹಾಕಿತು, ಎಲ್ಲ. ನಿನ್ನ ಉಸಿರು ನನಗೆ ತಾಗುತ್ತಿತ್ತು. ಮಾತು ಅವಳಿಗೆ ಹೋಗುತ್ತಿತ್ತು. ಒಮ್ಮೊಮ್ಮೆ, "ಇವತ್ತ ಚಿಗವ್ವ ಬೈದ್ಲಬೇ ಅವ್ವಾ" ಎಂದು ನನ್ನ ಮೇಲೆ ನನ್ನ ಎದೆಗೇ ದೂರು ಹೇಳುತ್ತಿದ್ದೆ. ಮೊದಮೊದಲು ನಗು ಬರುತ್ತಿತ್ತು. ಆಮೇಲೆ ನಗು ನಿಂತಿತು. ಅವಳನ್ನು ತೂಗುಹಾಕಿದ ಗೂಟ ನಾನು — ಅಷ್ಟೇ ಅನ್ನಿಸತೊಡಗಿತು. ನೀನು ನನ್ನನ್ನು ತಬ್ಬುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ. ಅದಕ್ಕಾಗಿ ನಾನು ಸಂಜೆಯ ದಾರಿ ಕಾಯುತ್ತಿದ್ದೆ, ಅದಕ್ಕಾಗಿಯೇ ಸಂಜೆಯನ್ನು ದ್ವೇಷಿಸುತ್ತಿದ್ದೆ.

ಒಂದೂವರೆ ವರ್ಷ ಹೀಗೇ. ಆಮೇಲೆ ಒಂದು ಸಂಜೆ ನೀನು ತಬ್ಬಿಕೊಂಡು ಹೇಳಿದೆ —

"ಅವ್ವಾ, ನೀ ಬಂದಬಿಡು. ಚಿಗವ್ವ ತಮ್ಮೂರಿಗೆ ಹೋಗಲಿ."

ನಿನಗೆ ಆಗ ಐದು ವರ್ಷ. ಐದು ವರ್ಷದ ಕೂಸಿನ ಮಾತು ಅದು. ಇದನ್ನು ನೆಪವೆಂದು ಬರೆಯುತ್ತಿಲ್ಲ, ನಡೆದದ್ದೆಂದು ಬರೆಯುತ್ತಿದ್ದೇನೆ. ನಾನು ನೆಟ್ಟಗೆ ನಿಂತೆ. ನಿನ್ನ ಕೈ ಕೊರಳಿನಿಂದ ಜಾರಿತು. ಒಳಗೆ ಏನೋ ಹೆಪ್ಪುಗಟ್ಟಿದ ಹಾಗೆ — ಸಿಟ್ಟು ಅಂತ ಹೆಸರಿಟ್ಟರೂ ಆಗುತ್ತದೆ, ಆದರೆ ಸಿಟ್ಟಾಗಿದ್ದರೆ ಬೆಳಗಾಗುವಷ್ಟರಲ್ಲಿ ಇಳಿಯುತ್ತಿತ್ತಲ್ಲ?

ಇಲ್ಲಿ ಕಾಳಪ್ಪನ ನಾಣ್ಯಗಳ ವಿಷಯ ಹೇಳಬೇಕು. ಅದಕ್ಕೂ ಕೆಲವು ತಿಂಗಳ ಹಿಂದೆ ಮೂಗುಬೊಟ್ಟಿನ ತಿರುಪು ಬಿಗಿ ಮಾಡಿಸಲು ನಾನು ಅವನಲ್ಲಿಗೆ ಹೋಗಿದ್ದೆ. ಅವನು ಅತ್ತಿತ್ತ ನೋಡಿ, ಕಟ್ಟಿಗೆಯ ಸಣ್ಣ ಪೆಟ್ಟಿಗೆಯಿಂದ ನಾಲ್ಕು ಬೆಳ್ಳಿಯ ಬಿಲ್ಲೆ ತೆಗೆದು ನನ್ನ ಅಂಗೈಗೆ ಹಾಕಿದ.

"ನೀ ಮುಲ್ಕಿ ಪಾಸಾದಾಕಿ ಅಂತಲ್ಲಬೇ ತಂಗೀ. ಇದ್ರ ಮ್ಯಾಲ ಏನ ಬರದೈತಿ, ಓದಿ ಹೇಳ ನೋಡೂಣು."

ಕೃಷ್ಣಾ ದಂಡೆಯಲ್ಲಿ ಯಾರೋ ಒಬ್ಬ ಭಾವಿ ತೋಡುವಾಗ ಸಣ್ಣ ಗಡಿಗೆ ಸಿಕ್ಕಿತ್ತಂತೆ. ಅವನು ಅದನ್ನು ಗುಟ್ಟಾಗಿ ತಂದು, ಕರಗಿಸಿ ಹೆಂಡತಿಗೆ ಕಾಲಕಡಗ ಮಾಡಿಕೊಡೆಂದು ಕಾಳಪ್ಪನ ಕೈಗಿತ್ತಿದ್ದ. ಕಾಳಪ್ಪ ಕಡಗ ಮಾಡಿಕೊಟ್ಟ. ಆದರೆ ನಾಲ್ಕನ್ನು ಕರಗಿಸಲು ಮನಸ್ಸಾಗದೆ, ಅಷ್ಟೇ ತೂಕದ ತನ್ನ ಬೆಳ್ಳಿ ಹಾಕಿ, ಇವನ್ನು ಉಳಿಸಿಕೊಂಡಿದ್ದ. ಎರಡರ ಮೇಲೆ ಒಬ್ಬರ ಪಕ್ಕ ಒಬ್ಬರು ನಿಂತ ಇಬ್ಬರು ಹುಡುಗರು, ನಡುವೆ ಢಾಲು, ಭರ್ಚಿ. "ಲವಕುಶ ಇರಬೇಕು," ಅಂದ. ಉಳಿದೆರಡರ ಮೇಲೆ ಕುರ್ಚಿಯ ಹೆಣ್ಣು. ಎಲ್ಲದರ ಹಿಂದೆಯೂ ತಲೆಗೆ ಎಲೆ ಕಟ್ಟಿದ ಗಂಡಸು. ಅವನು ಬಾಸಿಂಗ ಕಟ್ಟಿದ ಮದುಮಗ ಎಂದು ಕಾಳಪ್ಪನ ನಂಬಿಕೆ.

ಅಕ್ಷರ ನನಗೆ ಓದಲಾಗಲಿಲ್ಲ. ಇಂಗ್ಲಿಷಿನ ಹಾಗೆ ಕಾಣುತ್ತವೆ ಅಂದೆ. "ಹಂಗಾರ ಇಂಗ್ರೇಜಿ ರಾಜಾನ? ಆ ಮಂದಿ ಟೊಪಿಗಿ ಹಾಕತಿದ್ರಲ್ಲ, ಎಲಿ ಯಾವಾಗ ಕಟಗೊಂಡ್ರು?" ಎಂದು ನಕ್ಕ. ಒಂದು ಬಿಲ್ಲೆಯಲ್ಲಿ ಮದುಮಗನ ಗಲ್ಲದ ಮೇಲೆ ಉಳಿಯ ಗೀರು ಇತ್ತು. ಅದನ್ನು ಉಗುರಿನಿಂದ ಸವರಿ, "ಇದು ನಮ್ಮವಂದ ಕೆಲಸಾ. ಆಗಿನ ಯಾವನೋ ಪತ್ತಾರ, ಒಳಗೂ ಬೆಳ್ಳಿನ ಐತೋ ಇಲ್ಲೋ ಅಂತ ಕಡದ ನೋಡ್ಯಾನ," ಅಂದ. ಬಹಳ ದಿನದ ಮೇಲೆ ಬಳಗದವನೊಬ್ಬ ಸಿಕ್ಕ ಹಾಗೆ ಅವನ ಮುಖ ಅರಳಿತ್ತು. ಹೆಂಡತಿ ಇಲ್ಲದ, ಮಕ್ಕಳಿಲ್ಲದ ಮನುಷ್ಯ. ಆ ನಾಲ್ಕು ಬಿಲ್ಲೆಗಳೇ ಅವನ ಮನೆಮಂದಿ ಇದ್ದಹಾಗಿತ್ತು. ಊರೆಲ್ಲ ಬಿಟ್ಟು ನನಗೊಬ್ಬಳಿಗೇ ತೋರಿಸಿದ್ದ, ನಾನು ಓದಿದವಳು ಅಂತ.

ನೀನು ಆ ಮಾತು ಹೇಳಿದ ಮರುದಿನ ಮಧ್ಯಾಹ್ನ, ನಿಮ್ಮಪ್ಪ ಸೀರೆಯ ಗಂಟು ಹೊತ್ತು ಜಮಖಂಡಿ ಸಂತೆಗೆ ಹೋಗಿದ್ದರು. ನೀನು ನಿದ್ದೆಯಲ್ಲಿದ್ದೆ. ನಾನು ರಸ್ತೆ ದಾಟಿ ಹೋಗಿ ಪದಕವನ್ನು ಬಿಚ್ಚಿ ಕಾಳಪ್ಪನ ಮುಂದಿಟ್ಟೆ.

"ಕಾಕಾ, ಇದನ್ನ ಕರಗಿಸಿಬಿಡ್ರಿ. ಬ್ಯಾರೆ ಒಂದ ಹಾಕಿಕೊಡ್ರಿ."

"ಯಾಕಬೇ? ಕೊಂಡಿ ಸವದೈತೇನ?"

"ಇಲ್ಲ."

ಅವನು ನನ್ನ ಮುಖ ನೋಡಿದ. ಆಮೇಲೆ ಪದಕ ನೋಡಿದ. ಹೇಳಿದ: "ಬ್ಯಾಡ ತಂಗೀ. ಈ ಮುಖಾ ಇನ್ನೊಮ್ಮಿ ನನ್ನ ಕೈಲೆ ಆಗೂದಿಲ್ಲ. ಇದು ಆಕಿನ್ನ ನೋಡಿ ಮಾಡಿದ್ದಲ್ಲ, ಮಣ್ಣಾದ ಮ್ಯಾಲೆ ನೆನಸಿ ನೆನಸಿ ಮಾಡಿದ್ದು. ಈಗ ಕೇಳಿದ್ರ ನನಗೂ ನೆನಪಿಲ್ಲ, ಎಲ್ಲಾ ಇದರಾಗ ಇಳದೈತಿ. ಆ ಕೂಸಿಗೆ ತಾಯಿ ಅಂತ ಇರೂದ ಇದೊಂದು."

ಇಷ್ಟು ಕೇಳಿದ ಮೇಲೂ ನಾನು ಹಿಂದಕ್ಕೆ ಬರಬಹುದಿತ್ತು. ಅವನ ಮಾತಿನಲ್ಲಿ ನನಗೆ ಕೇಳಿಸಿದ್ದು ಕೊನೆಯ ಮಾತೊಂದೇ — ಆ ಕೂಸಿಗೆ ತಾಯಿ ಅಂತ ಇರುವುದು ಇದೊಂದು. ಹಾಗಾದರೆ ನಾನು?

"ಕೃಷ್ಣಾ ದಂಡಿ ಗಡಿಗಿ ವಿಷಯಾ ತಾಲೂಕಾ ಮಾಮಲೇದಾರ ಸಾಹೇಬರಿಗೆ ಗೊತ್ತೈತೇನ್ರಿ ಕಾಕಾ?" ಅಂದೆ. "ಅರ್ಜಿ ಬರಿಯೂದು ನನಗ ಬರತೈತಿ."

ಭೂಮಿಯಲ್ಲಿ ಸಿಕ್ಕ ಹಳೇ ನಾಣ್ಯವನ್ನು ಸರಕಾರಕ್ಕೆ ಮುಟ್ಟಿಸದೆ ಕರಗಿಸುವುದು ಅಪರಾಧವೆಂದು ಅವನಿಗೂ ಗೊತ್ತಿತ್ತು. ಮುಲ್ಕಿ ಪಾಸಾದದ್ದು ಆ ಊರಿನಲ್ಲಿ ನನಗೆ ಉಪಯೋಗಕ್ಕೆ ಬಂದ ಮೊದಲ ಸಲ ಅದು. ನಂಬಿ ತೋರಿಸಿದವನ ಕುತ್ತಿಗೆಗೇ ಅದನ್ನು ಹಿಡಿದೆ. ಕಾಳಪ್ಪ ಒಲೆಯ ಕಡೆ ತಿರುಗಿದ. ಇದ್ದಿಲು ಕೆದಕಿದ, ಊದುಕೊಳವೆಯಿಂದ ಊದಿದ, ಮೂಸೆಯನ್ನು ಕೆಂಡದ ನಡುವೆ ಇಟ್ಟ. ಆಮೇಲೆ ಪದಕವನ್ನು ನನ್ನ ಕಡೆಗೇ ಸರಿಸಿದ.

"ನಾ ಮಾಡಿದ ಮುಖಾ ನಾ ಹಾಕೂದಿಲ್ಲ. ನೀನ ಹಾಕು."

ಹಾಕಿದೆ. ತೆಳು ಬೆಳ್ಳಿ, ಕರಗಲು ಹೊತ್ತು ಹಿಡಿಯಲಿಲ್ಲ. ಅವನು ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ನಾನು ನೋಡುತ್ತಲೇ ಇದ್ದೆ. ಒಂದು ಗಳಿಗೆ ಅವಳಿದ್ದಳು, ಆಮೇಲೆ ಸಣ್ಣದೊಂದು ಹೊಳೆಯುವ ಹನಿ ಇತ್ತು.

ಬರಿಗೊರಳಲ್ಲಿ ಮನೆಗೆ ಹೋಗುವಂತಿರಲಿಲ್ಲ. ಅಚ್ಚಿನ ಪದಕ ಒತ್ತಿ ಕೊಡು ಅಂದರೆ ಅವನು ಅಚ್ಚು ಮುಟ್ಟಲಿಲ್ಲ. ಕೊನೆಗೆ ನಾನೇ ಕಟ್ಟಿಗೆಯ ಪೆಟ್ಟಿಗೆ ತೆರೆದು, ಕುರ್ಚಿಯ ಹೆಣ್ಣಿದ್ದ ಬಿಲ್ಲೆಯೊಂದನ್ನು ಆರಿಸಿದೆ. ಗಲ್ಲದ ಮೇಲೆ ಗೀರಿದ್ದದ್ದೇ ಕೈಗೆ ಬಂತು. ಹೆಣ್ಣಿನ ರೂಪ ಇದ್ದರಾಯಿತು, ಯಾರು ಕೇಳುತ್ತಾರೆ? ಅವನು ಕೊಂಡಿ ಬೆಸೆದುಕೊಟ್ಟ. ಬೆಸೆಯುವಾಗ ಒಂದೇ ಒಂದು ಮಾತು ಕೇಳಿದ: "ಕೂಸಿಗೆ ಇದು ಯಾರಂತ ಹೇಳತೀರಿ?" ಮೊದಲ ಸಲ ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದ. ಅಲ್ಲಿಂದ ಮುಂದೆ ಅವನು ಸಾಯುವ ತನಕ ನಾನು ತಂಗಿಯಾಗಲಿಲ್ಲ.

ನಿನಗೆ ಏನು ಹೇಳಿದೆನೆಂದು ನಿನಗೆ ನೆನಪಿದೆಯೋ ಇಲ್ಲವೋ. ನನಗೆ ಒಂದೊಂದು ಅಕ್ಷರವೂ ನೆನಪಿದೆ. ಸಂಜೆ ನೀನು ಬಗ್ಗು ಅಂದೆ, ನಾನು ಬಗ್ಗಿದೆ. ನೀನು ಪದಕವನ್ನು ಬೆರಳಿನಿಂದ ಎತ್ತಿ ನೋಡಿದೆ.

"ಚಿಗವ್ವಾ, ಅವ್ವ ಎಲ್ಲಿ?"

"ಇಲ್ಲೇ ಅದಾಳಲ್ಲ. ಇಷ್ಟ ದಿನಾ ಕಿಡಕ್ಯಾಗ ನಿಂತಿದ್ಲು. ಈಗ ಒಳಗ ಹೋಗಿ ಕುರ್ಚಿ ಮ್ಯಾಲ ಕೂತಾಳ."

"ಯಾಕ?"

"ನಿಂತು ನಿಂತು ಕಾಲ ನೋಯಾಕತ್ತಿದ್ದು."

ನೀನು ನಂಬಿದೆ. ಅಳಲಿಲ್ಲ, ಹಟ ಮಾಡಲಿಲ್ಲ. ಬೆರಳಿನಿಂದ ಆ ಹೆಣ್ಣಿನ ಪುಟ್ಟ ಕಾಲನ್ನು ಒತ್ತಿದೆ — ಸೇವೆ ಮಾಡುವ ಹಾಗೆ. ಆಮೇಲೆ, "ಮುಖಾ ಕಾಣವಲ್ದು, ಭಾಳ ದೂರ ಕೂತಾಳ," ಅಂದೆ. ಕೈಯಲ್ಲಿ ಏನು ಹಿಡಿದಿದ್ದಾಳೆ ಎಂದು ನೀನು ಕೇಳಿದೆ. ಬ್ಯಾವಿನ ಟೊಂಗಿ, ನಿನಗ ಗಾಳಿ ಹಾಕಾಕ ಅಂದೆ ನಾನು. ಕೋಲು ಯಾಕೆ ಎಂದು ನೀನು ಕೇಳಿದೆ. ನಾಯಿ ಬಂದರೆ ಓಡಿಸಾಕ ಅಂದೆ ನಾನು. ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ಆ ದಿನದವರೆಗೆ ನನಗೆ ಗೊತ್ತಿರಲಿಲ್ಲ. ನೀನು ಪದಕ ತಿರುವಿದೆ. ಆ ಕಡೆಯ ಗಂಡಸನ್ನು ನೋಡಿ, "ಇಂವ ಯಾರು?" ಅಂದೆ. ನಾನು ತಡಬಡಿಸಿದೆ. ಕಾಳಪ್ಪನ ಬಾಸಿಂಗ ನೆನಪಾಯಿತು.

"ನಿಮ್ಮಪ್ಪ. ಲಗ್ನದಾಗ ಹಂಗ ಕಾಣತಿದ್ರು."

ಗಲ್ಲದ ಗಾಯ ಯಾತರದ್ದು ಎಂದೂ ಕೇಳಿದೆ. ಅದಕ್ಕೂ ನಾನು ಏನೋ ಹೇಳಿದೆ. ನಿನಗೆ ಎಷ್ಟು ಸಂತೋಷವಾಯಿತು! ಒಂದು ಮಗ್ಗಲು ಅಪ್ಪ, ಒಂದು ಮಗ್ಗಲು ಅವ್ವ. ಕೇರಿಯ ತುಂಬ ಹೇಳಿಕೊಂಡು ಬಂದೆ. ಅವಳನ್ನು ದೂರ ಮಾಡಿದರೆ ನೀನು ನನ್ನ ಹತ್ತಿರ ಬರುತ್ತೀ ಎಂದಲ್ಲವೇ ನಾನು ಅಷ್ಟೆಲ್ಲ ಮಾಡಿದ್ದು? ಈಗ ನನ್ನ ಬಾಯಿಂದಲೇ ಅವರಿಬ್ಬರನ್ನೂ ಒಂದೇ ಬೆಳ್ಳಿಯಲ್ಲಿ ಸೇರಿಸಿ, ನನಗೆ ಮೂರನೇ ಮಗ್ಗಲಿಲ್ಲದ ಹಾಗೆ ಮಾಡಿಕೊಂಡಿದ್ದೆ. ನೀನು ಪಿಸುಗುಟ್ಟುವುದು ಮಾತ್ರ ನಿಂತಿತು. ದೂರ ಕೂತವಳಿಗೆ ಪಿಸುಮಾತು ಕೇಳಿಸುವುದಿಲ್ಲ ಎಂದು ನೀನೇ ಹೇಳಿದೆ. ಕೊರಳು ತಬ್ಬುವುದೂ ನಿಂತಿತು. ಬರುವಾಗ ಎದುರು ನಿಂತು, ಕೈ ಮುಗಿದು, ಓಡಿಹೋಗುತ್ತಿದ್ದೆ.

ನಿಮ್ಮಪ್ಪನಿಗೆ ಅದು ಕಣ್ಣಿಗೆ ಬೀಳಲು ಎರಡು ತಿಂಗಳು ಬೇಕಾಯಿತು. ನೀರು ಕೊಡಲು ಬಗ್ಗಿದಾಗ ನೋಡಿದರು.

"ಪದಕಾ ಬ್ಯಾರೆ ಐತಲ್ಲ."

"ಮೊದಲಿಂದು ತೆಳ್ಳಗಿತ್ತರಿ, ಮುರದಿತ್ತು. ಪತ್ತಾರ ಹೊಸಾದ ಮಾಡಿಕೊಟ್ಟಾನ."

ಅವರು ನೀರು ಕುಡಿದು ತಂಬಿಗೆ ಕೆಳಗಿಟ್ಟರು. ಲಾಳಿ ಕೈಗೆತ್ತಿಕೊಂಡರು. ಆದರೆ ಅವತ್ತು ಮಗ್ಗದ ಸದ್ದು ಬಹಳ ಹೊತ್ತು ಏಳಲಿಲ್ಲ. ಕಾಲು ಕುಣಿಯಲ್ಲಿ ಇಳಿಬಿಟ್ಟುಕೊಂಡು ಹಾಸಿನ ನೂಲಿನ ಮೇಲೆ ಕೈಯಿಟ್ಟು ಕೂತೇ ಇದ್ದರು. ನಾನು ಕಂಡಿಕೆ ಸುತ್ತುತ್ತಲೇ ಇದ್ದೆ, ಸುತ್ತಿ ಸುತ್ತಿ ನೂಲು ಹರಿಯಿತು. ಅವರು ಕಾಳಪ್ಪನನ್ನು ಕೇಳಿದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದ್ದರೆ ಕಾಳಪ್ಪ ನನ್ನ ಹೆಸರು ಹೇಳಿರಲಿಕ್ಕಿಲ್ಲ. ಉಳಿದ ಮೂರು ಬಿಲ್ಲೆಗಳನ್ನೂ ಅದೇ ವಾರ ಅವನು ಕರಗಿಸಿದ. ಭಾವಿಯ ಹತ್ತಿರ ಎದುರಾದಾಗ ನೆಲ ನೋಡುತ್ತ, "ಅವನ್ನೂ ಹಾಕಿಬಿಟ್ಟೆರಿ. ಇನ್ನ ಅರ್ಜಿ ಬರಿಯೂ ತ್ರಾಸ ನಿಮಗಿಲ್ಲ," ಅಂದ. ನಾಲ್ಕು ವರ್ಷದ ಮೇಲೆ ಕೆಮ್ಮಿ ಕೆಮ್ಮಿ ಸತ್ತ. ನಾನು ಮಣ್ಣಿಗೂ ಹೋಗಲಿಲ್ಲ.

ಸಾಲೆಯಲ್ಲಿ ನಿನಗೆ "ನನ್ನ ತಾಯಿ" ಎಂದು ನಿಬಂಧ ಬರೆಯಲು ಹೇಳಿದ್ದರು, ನೆನಪಿದೆಯೆ? ನಮ್ಮವ್ವ ಕುರ್ಚಿಯ ಮೇಲೆ ಕೂಡುತ್ತಾಳೆ, ಅವಳಿಗೆ ಈಗ ಕಾಲು ನೋಯುವುದಿಲ್ಲ ಎಂದು ಬರೆದೆ. ಹುಡುಗಿಯರು, "ನಿಮ್ಮವ್ವ ಕುರ್ಚಿ ಮ್ಯಾಲ ಕೂಡಾಕ ಮಾಮಲೇದಾರಳೇನ? ನೇಕಾರರ ಮನ್ಯಾಗ ಕುರ್ಚಿ ಎಲ್ಲಿಂದ ಬಂತು?" ಎಂದು ನಕ್ಕರಂತೆ. ನೀನು ಒಬ್ಬಳ ಜಡೆ ಹಿಡಿದು ನೆಲಕ್ಕೆ ಕೆಡವಿ ಬಂದೆ. ಮೊಣಕೈ ತರಚಿತ್ತು. ನಾನು ಅರಿಷಿಣ ಹಚ್ಚುತ್ತಿದ್ದಾಗ ನೀನು ಕೇಳಿದೆ, "ಚಿಗವ್ವಾ, ಅವ್ವ ಖರೇನ ಕುರ್ಚಿ ಮ್ಯಾಲ ಕೂಡತಿದ್ಲಲ್ಲ?" ಅಲ್ಲಿ, ಆ ಹೊತ್ತಿನಲ್ಲಿ, ಹೇಳಿಬಿಡಬಹುದಿತ್ತು. ನಾನು ಖರೆ ಅಂದೆ. ನೀನು ಆಮೇಲೆ ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ.

ನಿಮ್ಮಪ್ಪ ತೀರಿಕೊಂಡಾಗ ನನ್ನ ತಾಳಿ ತೆಗೆದರು, ಪದಕವನ್ನು ನಿನ್ನ ಕೈಗೆ ಕೊಟ್ಟರು. ನೀನದನ್ನು ಮುಧೋಳದ ಗಂಡನ ಮನೆಗೆ ಒಯ್ದು ಜಗಲಿಯ ಮೇಲಿಟ್ಟು ಪೂಜೆ ಮಾಡಿದೆ. ನಾನು ಮಾಸ್ತರಿಕೆ ಹಿಡಿದು ಜಮಖಂಡಿಗೆ ಬಂದೆ. ನೀನು ಹಬ್ಬಕ್ಕೆ ಕರೆದೆ, ಬಾಣಂತನಕ್ಕೆ ಕರೆದೆ. ಹೆತ್ತವಳಿಗೆ ಮಾಡುವಷ್ಟೇ ನನಗೆ ಮಾಡಿದೆ. ಚಿಗವ್ವಾ ಅನ್ನುವುದೊಂದನ್ನು ಬಿಡಲಿಲ್ಲ. ಅದು ಸರಿಯಾಗಿಯೇ ಇತ್ತು, ಪಾರೂ. ಆ ಇನ್ನೊಂದು ಹೆಸರು ಹಿಡಿಯುವ ಯೋಗ್ಯತೆ ನನಗಿರಲಿಲ್ಲ, ನಿನ್ನ ನಾಲಿಗೆಗೆ ಅದು ಗೊತ್ತಿತ್ತೋ ಏನೋ.

ಕ್ಷಮಿಸು ಎಂದು ಬರೆಯುವುದಿಲ್ಲ. ಅದು ನಿನ್ನಿಂದ ಇನ್ನೂ ಏನನ್ನೋ ಕೇಳಿದ ಹಾಗಾಗುತ್ತದೆ. ಒಂದು ಕೆಲಸ ಮಾಡು: ಈ ಕಾಗದವನ್ನು ಅಳಿಯಂದಿರೆದುರು ಗಟ್ಟಿಯಾಗಿ ಓದು. ಅವತ್ತು ಯಾರ್ಯಾರು ಪಡಸಾಲೆಯಲ್ಲಿದ್ದರೋ ಅವರೆಲ್ಲರೆದುರು ಓದು. ಪತ್ತಾರ ಕಾಳಪ್ಪ ಯಾರಿಗೂ ಮೋಸ ಮಾಡಿದವನಲ್ಲ. ನಿಮ್ಮವ್ವನನ್ನು ಉಳಿಸಲು ಅವನೊಬ್ಬನೇ ಬಾಯಿ ಬಿಟ್ಟು ಮಾತಾಡಿದ. ಆ ನಾಣ್ಯವನ್ನು ಅಳಿಯಂದಿರ ಕೈಗೆ ಕೊಡು. ಅದು ಎಲ್ಲಿ ಇರಬೇಕೋ ಅವರಿಗೆ ಗೊತ್ತಿರುತ್ತದೆ. ಜಗಲಿಯ ಆ ಜಾಗ ಖಾಲಿಯಾಗುತ್ತದೆ. ಅಲ್ಲಿ ಇಡಲು ನನ್ನ ಬಳಿ ಬೇರೆ ಏನೂ ಇಲ್ಲ — ಇಷ್ಟನ್ನು ಬಿಟ್ಟರೆ.

ನೀಲವ್ವನನ್ನು ಕಂಡವರು ಈಗ ಯಾರೂ ಉಳಿದಿಲ್ಲ. ನಿಮ್ಮಪ್ಪ ಇಲ್ಲ, ಕಾಳಪ್ಪ ಇಲ್ಲ, ಬಾಯಿಗೆ ಸೆರಗು ಹಿಡಿದು ಅಳುತ್ತಿದ್ದ ಆ ನೆರೆಯವರಿಲ್ಲ. ಅವಳನ್ನು ಒಂದೂವರೆ ವರ್ಷ ಕೊರಳಲ್ಲಿ ಹೊತ್ತು, ದ್ವೇಷದಿಂದ ದಿನಾ ನೋಡಿದ ನಾನೊಬ್ಬಳೇ ಉಳಿದಿದ್ದೇನೆ. ಅದಕ್ಕೆ ನೆನಪಿದ್ದಷ್ಟನ್ನು ಬರೆದುಕೊಡುತ್ತೇನೆ.

ಅವಳ ಹಣೆ ಅಗಲ. ಬೈತಲೆ ನೆಟ್ಟಗಿರಲಿಲ್ಲ, ತುಸು ಎಡಕ್ಕೆ. ಹುಬ್ಬುಗಳು ದಟ್ಟ, ನಡುವೆ ಕೂಡುವಷ್ಟು ಹತ್ತಿರ. ಕಣ್ಣು ಸಣ್ಣವು, ನಕ್ಕು ಮುಗಿಸಿದ ಮೇಲೆ ಇರುತ್ತವಲ್ಲ, ಹಾಗೆ. ಬಲಗೆನ್ನೆಯಲ್ಲಿ ಒಂದು ಕುಳಿ, ಎಡಗೆನ್ನೆಯಲ್ಲಿ ಇಲ್ಲ. ಮೇಲ್ದುಟಿ ಸ್ವಲ್ಪ ಎದ್ದಿತ್ತು. ಮುಂದಿನ ಒಂದು ಹಲ್ಲು ಉಬ್ಬಿದ್ದಿರಬೇಕು, ಕಾಳಪ್ಪ ಅದನ್ನೂ ಬಿಟ್ಟಿರಲಿಲ್ಲ. ಗದ್ದದ ಕೆಳಗೆ ಹಚ್ಚೆಯ ಮೂರು ಚುಕ್ಕಿ. ಕಿವಿಯಲ್ಲಿ ಸಣ್ಣ ಬುಗುಡಿ.

ಮೂಗು ನೆನಪಾಗುತ್ತಿಲ್ಲ, ಪಾರೂ. ಕಣ್ಣು ಮುಚ್ಚಿ ಕೂತರೆ ಉಳಿದದ್ದೆಲ್ಲ ಬರುತ್ತದೆ, ಅದು ಬರುವುದಿಲ್ಲ. ನಾಲ್ಕು ದಿನದಿಂದ ಕೂತಿದ್ದೇನೆ. ಬಂದರೆ ಇನ್ನೊಂದು ಕಾಗದದಲ್ಲಿ ಬರೆದು ಕಳಿಸುತ್ತೇನೆ.